ದೋಸೆಕಲ್ಲಿನ ಹಿಂದಿನ ಮುಖ

"ನೀನು ಚಿತ್ರ ಬಿಡಿಸು ಎಫ್ರೇನ್, ಜನ ಕೂತು ತಿನ್ನುವ ಕಡೆ, ಎದುರು ಗೋಡೆಗೇ ನಾನು ಹಾಕುತ್ತೇನೆ."

ಈ ಪರದೇಶದ ಮೆಟುಚೆನ್ ಊರಿನಲ್ಲಿ ನಮ್ಮ ಹೋಟೆಲು ತೆರೆದ ವರ್ಷ ನಾನು ಕೊಟ್ಟ ಮಾತು ಅದು. ಮೆಕ್ಸಿಕೋದಿಂದ ಬಂದ ಎಫ್ರೇನ್ ಆಗ ನಮ್ಮಲ್ಲಿ ಪಾತ್ರೆ ತೊಳೆಯುತ್ತಿದ್ದ. ಬಿಡುವಾದರೆ ಮೈದಾ ಚೀಲದ ಕಾಗದದ ಮೇಲೆ ಇದ್ದಿಲ ಕಡ್ಡಿಯಿಂದ ಗೀಚುತ್ತಿದ್ದ. ಊರಿಂದ ಕರೆಸಿದ್ದ ಭಟ್ಟರು ಬಿಟ್ಟುಹೋದ ಮೇಲೆ ದೋಸೆಕಲ್ಲು ಅವನ ಕೈಗೆ ಬಂತು. "ಆಹಾ, ಭಟ್ಟರ ಕೈಯೇ ಕೈ" ಎಂದು ಹೊಗಳಿ ಹೋಗುವ, ಹತ್ತಿರದ ಪ್ಲೇನ್ಸ್‌ಬರೋ ಊರಿನ ನಮ್ಮ ಕಡೆಯ ಗಿರಾಕಿಗಳಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಬ್ಯಾಂಕುಗಳು ಮುಳುಗಿದ ಮರುವರ್ಷ ಅವನು ಇದ್ದಿಲಲ್ಲೇ ಬಿಡಿಸಿದ ದೊಡ್ಡ ಚಿತ್ರ ತಂದ. ಹಬೆ ಏಳುವ ದೋಸೆಕಲ್ಲು, ಹಿಂದೆ ಸಿಂಕಿಗೆ ಬಾಗಿದ, ಈಗ ನಮ್ಮಲ್ಲಿ ಪಾತ್ರೆ ತೊಳೆಯುವ ಅವನ ಚಿಕ್ಕಪ್ಪ, ನಡುವೆ ನೇರ ನಮ್ಮನ್ನೇ ನೋಡುವ ಎಫ್ರೇನನದೇ ಮುಖ. ಕೆಳಗೆ ಅವನ ಹೆಸರು, ಅವನ ಊರಿನ ಹೆಸರು.

ನನ್ನ ಗಂಡ ನಿತ್ಯಾನಂದ ಒಪ್ಪಲಿಲ್ಲ. "ಶೈಲಾ, ತಲೆ ಸರಿ ಉಂಟಾ ನಿಂಗೆ? ಗಿರಾಕಿಗಳಿಗೆ ಲೇಆಫ್ ಆಗ್ತಾ ಉಂಟು. ಉಳಿದವರನ್ನೂ ಓಡಿಸ್ಬೇಕಾ?"

"ಅವನು ದೋಸೆ ಹುಯ್ಯಬಹುದು, ಮುಖ ಮಾತ್ರ ಕಾಣಬಾರದು. ಅಲ್ವಾ ರೀ?"

"ನಿಂಗೆ ವ್ಯಾಪಾರ ಅರ್ಥ ಆಗುದಿಲ್ಲ ಮಾರಾಯ್ತಿ."

ಹಗಲಿಡೀ ಕ್ರ್ಯಾನ್‌ಬರಿಯ ಆಫೀಸಲ್ಲಿ ದುಡಿದು, ಸಂಜೆ ಇಲ್ಲಿ ಕೌಂಟರಿನಲ್ಲಿ ನಿಲ್ಲುವವಳಿಗೆ ವ್ಯಾಪಾರ ಅರ್ಥ ಆಗುವುದಿಲ್ಲವಂತೆ! ಎಫ್ರೇನ್ ನನ್ನನ್ನು ನೋಡಿ, ತನ್ನ ಭಾಷೆಯಲ್ಲಿ ಅಮ್ಮಾವ್ರೇ ಎಂದು ಕರೆಯುತ್ತಾ, "ಸೆನ್ಯೋರಾ, ಇವತ್ತು ಹಿಟ್ಟಿಗಿಂತ ನಿಮ್ಮ ಮುಖವೇ ಹುಳಿ" ಅಂದ. ನಗು ಬರಲಿಲ್ಲ. ಮನೆಗೆ ಹೋದರೆ ಮಗಳು ದೀಕ್ಷಿತಾಳದ್ದು ಒಂದೇ ಮಾತು: "ಅಮ್ಮಾ, ಯು ಪ್ರಾಮಿಸ್ಡ್ ಹಿಮ್."

ಭಾನುವಾರ ಆಯುಧಪೂಜೆ. ಅದೇ ದಿನ ಚಿತ್ರ ನೋಡಲು ಎಫ್ರೇನನ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಬರುವವಳಿದ್ದಳು. ವಾರವಿಡೀ ಜಗಳವಾಡಿದ ಮೇಲೆ ನಿತ್ಯಾನಂದ, "ಆಯ್ತು, ಪೂಜೆ ಆದ್ಮೇಲೆ ಹಾಕು" ಅಂದರು.

ಹೂವು ತರಲು ಹೋಗಿದ್ದ ನಾನು ಬರುವಷ್ಟರಲ್ಲಿ ಅವರು ಪೂಜೆ ಮುಗಿಸಿಬಿಟ್ಟಿದ್ದರು. ಗ್ರೈಂಡರು, ಸೌಟು, ದೋಸೆಕಲ್ಲು, ಎಲ್ಲಕ್ಕೂ ಗಂಧ, ಕುಂಕುಮ. ಪಕ್ಕದಲ್ಲಿ ಗೋಡೆಗೆ ಒರಗಿಸಿದ್ದ ಚಿತ್ರಕ್ಕೂ ನೀರು ಚಿಮುಕಿಸಿ, ಎಫ್ರೇನನ ಹಣೆಗೆ ಒದ್ದೆ ಬೆರಳಲ್ಲಿ ಬೊಟ್ಟಿಟ್ಟಿದ್ದರು. ಇದ್ದಿಲು ಕದಡಿ ಹಣೆ, ಕಣ್ಣು, ಮೂಗು ಒಂದೇ ಕಪ್ಪು ರಾಡಿಯಾಗಿತ್ತು.

"ಇದ್ದಿಲು ರೀ ಇದು! ಮುಟ್ಟಿದ್ರೆ ಹೋಗತ್ತೆ!"

"ನಂಗೇನು ಗೊತ್ತು? ಮರ್ಯಾದೆಗೆ ಅಂತ ಮಾಡಿದ್ದು." ಅವರ ಮುಖ ನಿಜಕ್ಕೂ ಪೆಚ್ಚಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಎಫ್ರೇನ್ ಬಂದು ನೋಡಿದ. "ಸೆನ್ಯೋರಾ, ಗ್ರೈಂಡರಿಗೂ ನನಗೂ ಒಂದೇ ಪೂಜೆಯಾ?"

ನಾನು ಸುತ್ತಿಗೆ, ಮೊಳೆ ತೆಗೆದುಕೊಂಡೆ. "ಹೀಗೇ ಹಾಕ್ತೀನಿ, ಬಾ."

"ಬೇಡ. ಮುಖವೇ ಇಲ್ಲ. ನನ್ನ ಅಕ್ಕ ಯಾರನ್ನು ನೋಡಬೇಕು?"

ಕಾಗದವನ್ನು ಸುರುಳಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. ಹೊರಗೆ ಅಕ್ಕ, ಮಕ್ಕಳು ಖಾಲಿ ಗೋಡೆಗೆ ಎದುರಾಗಿ ಕೂತಿದ್ದರು. ಅವನು ಕಲ್ಲಿಗೆ ನೀರು ಚಿಮುಕಿಸಿ ಅವರಿಗೆ ದೋಸೆ ಹುಯ್ಯತೊಡಗಿದ.

ಚಿತ್ರವನ್ನು ಗೋಡೆಗೆ ಹಾಕಲಿಲ್ಲ. ಕೊಟ್ಟ ಮಾತು ತಪ್ಪಿತು.