ಡಿಕ್ಕಿ ಬಾಗಿಲ ಗಾಜು ಮತ್ತು ಹಂಸವಿಲ್ಲದ ದೀಪದ ಕಂಬ

ನಾನೊಂದು ಗಾಜು. ಅಂದರೆ, ಒಂದು ಗಾಜಾಗಿದ್ದೆ. ಈಗ ಎಷ್ಟಾಗಿದ್ದೇನೆ ಅಂತ ಕೇಳಿದರೆ ನನಗೇ ಲೆಕ್ಕ ಸಿಗುವುದಿಲ್ಲ. ಆದರೂ ‘ನಾನು’ ಅಂತಲೇ ಹೇಳುತ್ತೇನೆ, ‘ನಾವು’ ಅನ್ನಲು ನಾಲಿಗೆ ಬರುವುದಿಲ್ಲ. ನಿಮಗೆ ಗಲಿಬಿಲಿಯಾದರೆ ತಪ್ಪು ತಿಳಿಯಬೇಡಿ, ನನ್ನ ಗಲಿಬಿಲಿ ಅದಕ್ಕಿಂತ ದೊಡ್ಡದು.

ದೂರದ ಯಾವುದೋ ದೇಶದ ಕಾರ್ಖಾನೆಯಲ್ಲಿ ಹುಟ್ಟಿದೆ. ಮೊದಲು ಕೆಂಪಗೆ ಕಾಯಿಸಿದರು. ಮೈ ಮೆತ್ತಗಾದಾಗ ಬೇಕಾದ ಹಾಗೆ ಬಗ್ಗಿಸಿದರು. ಇನ್ನೇನು ನಿಧಾನಕ್ಕೆ ಆರೋಣ ಅಂದುಕೊಳ್ಳುವಷ್ಟರಲ್ಲಿ ನಾಲ್ಕೂ ಕಡೆಯಿಂದ ತಣ್ಣನೆ ಗಾಳಿ ಊದಿಬಿಟ್ಟರು. ಹೊರಗಿನ ಮೈ ತಟ್ಟನೆ ಬಿಗಿಯಿತು, ಒಳಗಿನದು ಇನ್ನೂ ಬಿಸಿಯಾಗಿಯೇ ಇತ್ತು. ಅವತ್ತಿನಿಂದ ಒಳಗೂ ಹೊರಗೂ ಒಂದು ಎಳೆದಾಟ. ಹೀಗೆ ಮಾಡಿದರೆ ಗಾಜು ಗಟ್ಟಿಯಾಗುತ್ತದಂತೆ, ಅಕಸ್ಮಾತ್ ಒಡೆದರೂ ಚೂಪು ಚೂರಾಗದೆ ಕಾಳುಕಾಳಾಗಿ ಉದುರುತ್ತದಂತೆ. ಒಡೆಯುವುದು ಹೇಗೆ ಅಂತ ಹುಟ್ಟಿಸುವಾಗಲೇ ಕಲಿಸಿ ಕಳಿಸಿದರು ನೋಡಿ! ಯಾವಾಗ ಒಡೆಯಬೇಕು, ಯಾಕೆ ಒಡೆಯಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ.

ಒಂದು ದೊಡ್ಡ ಕಾರಿನ ಹಿಂಬದಿಗೆ, ಡಿಕ್ಕಿ ಬಾಗಿಲಿಗೆ ನನ್ನನ್ನು ಕೂರಿಸಿದರು. ಕಾರು ಹಡಗಿನಲ್ಲಿ ಬಂತು, ಲಾರಿಯಲ್ಲಿ ಬಂತು, ಕೊನೆಗೆ ದಾವಣಗೆರೆಯ ಕೊಟ್ರೇಶಪ್ಪನವರ ಮನೆ ಮುಂದೆ ನಿಂತಿತು. ಕೊಟ್ರೇಶಪ್ಪನವರ ತಂದೆಯದು ಮಂಡಕ್ಕಿ ಭಟ್ಟಿ. ಇವರು ಅದೇ ಭಟ್ಟಿಯಿಂದ ಶುರು ಮಾಡಿ ಅಕ್ಕಿ ಗಿರಣಿಗಳವರೆಗೆ ಬೆಳೆದವರು. ಅಷ್ಟು ಬೆಳೆದರೂ ಮಂಡಕ್ಕಿ ಮೂಟೆ ಎತ್ತಿದ ಕೈ ಅವರದು, ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು. ಆ ಕಪ್ಪಿನ ಬಗ್ಗೆ ಅವರಿಗೆ ನಾಚಿಕೆಯಿತ್ತು ಅಂತ ಕಾಣುತ್ತದೆ. ನಾಲ್ಕು ಜನರಿದ್ದರೆ ಕೈ ಜೇಬಿಗೆ ಹೋಗುತ್ತಿತ್ತು.

ಕಾರಿನಲ್ಲಿ ಅವರಿಗೆ ಎಲ್ಲಕ್ಕಿಂತ ಪ್ರೀತಿ ಯಾವುದರ ಮೇಲೆ ಅಂತೀರಿ? ಒಂದು ಗುಂಡಿಯ ಮೇಲೆ. ಕೀಲಿಯ ಗೊಂಚಲಿನಲ್ಲಿರುವ ಆ ಗುಂಡಿ ಒತ್ತಿದರೆ ನನ್ನ ಬಾಗಿಲು ತಾನಾಗಿಯೇ ಮೇಲೇಳುತ್ತಿತ್ತು, ಇನ್ನೊಮ್ಮೆ ಒತ್ತಿದರೆ ತಾನಾಗಿಯೇ ಇಳಿಯುತ್ತಿತ್ತು. ಬಂದ ನೆಂಟರಿಗೆಲ್ಲ ಅದನ್ನು ತೋರಿಸುವರು. ನನಗೋ ತಲೆ ತಿರುಗುವುದು. ಈಗ ಆಕಾಶ, ಈಗ ಅಂಗಳ, ಮತ್ತೆ ಆಕಾಶ.

ನನ್ನ ಬಾಳೇ ಹಾಗಿತ್ತು. ನನಗೆ ಎರಡು ಕಡೆಯೂ ಮುಖ. ಒಳಗೆ ನೋಡಿದರೆ ಜನರ ಹಿಂದಲೆ, ಹೊರಗೆ ನೋಡಿದರೆ ಬಿಟ್ಟುಬಂದ ರಸ್ತೆ. ಕಾರು ಎಲ್ಲಿಗೆ ಹೊರಟಿದೆ ಅನ್ನುವುದು ಮುಂದಿನ ಗಾಜಿಗೆ ಗೊತ್ತು, ನನಗಿಲ್ಲ. ಮರ, ಮನೆ, ಕೈ ಬೀಸುವ ಮಕ್ಕಳು, ಎಲ್ಲವೂ ದೂರ ಹೋಗುತ್ತ ಹೋಗುತ್ತ ಸಣ್ಣದಾಗುತ್ತಿದ್ದವು. ನನ್ನ ಕಡೆಗೆ ಬರುವುದು ಅಂತ ಯಾವುದೂ ಇರಲಿಲ್ಲ.

ಹೀಗಿರುವಾಗ ಮನೆಯಲ್ಲಿ ಮದುವೆ ಗೊತ್ತಾಯಿತು. ಕೊಟ್ರೇಶಪ್ಪನವರಿಗೆ ಒಬ್ಬಳೇ ಮಗಳು, ಸಿಂಚನಾ. ಹುಡುಗನ ತಂದೆ ಬಕ್ಕೇಶಪ್ಪ, ಮಾತು ಕಡಿಮೆ, ಗತ್ತು ಜಾಸ್ತಿ. ಸಿಂಚನಾಳ ಸೋದರಮಾವ ಮಹಾರುದ್ರಪ್ಪ, ಅಂದರೆ ಕೊಟ್ರೇಶಪ್ಪನವರ ಹೆಂಡತಿ ನೀಲಮ್ಮನ ತಮ್ಮ, ರಾಣೆಬೆನ್ನೂರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ. ಸೋದರಸೊಸೆಗೆ ತನ್ನ ಉಡುಗೊರೆ ಅಂತ ಎದೆಮಟ್ಟದ ಹಿತ್ತಾಳೆ ದೀಪದ ಕಂಬ ಮಾಡಿಸಿದ್ದ. ಮಂಟಪದಲ್ಲಿ ಅದನ್ನೇ ಹಚ್ಚಬೇಕು, ತಾನೇ ಸಿಂಚನಾಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕು ಅನ್ನುವುದು ಅವನ ಆಸೆ. ಅವರ ಮನೆತನದಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವನೇ.

ಕಂಬ ತರಲು ಕೊಟ್ರೇಶಪ್ಪನವರು ಬೀಗರನ್ನೂ ಕೂರಿಸಿಕೊಂಡು ರಾಣೆಬೆನ್ನೂರಿಗೆ ಹೋದರು. ಬೀಗರಿಗೆ ಕಾರಿನ ಓಟ ತೋರಿಸಿದ ಹಾಗೂ ಆಯಿತು. ಅಂಗಡಿ ಮುಂದೆ ಮಹಾರುದ್ರಪ್ಪ ಕಂಬವನ್ನು ಮಗು ಎತ್ತಿದ ಹಾಗೆ ಎತ್ತಿ ತಂದು ನನ್ನ ಕೆಳಗೆ, ಡಿಕ್ಕಿಯಲ್ಲಿದ್ದ ಅಕ್ಕಿ ಮೂಟೆಯ ಮೇಲೆ ಓರೆಯಾಗಿ ಮಲಗಿಸಿದ. ಅದರ ತುದಿಗೆ ತಿರುಗಿಸಿ ಕೂರಿಸುವ ಹಂಸವೊಂದಿತ್ತು, ಅದು ಇನ್ನೂ ಅಂಗಡಿಯೊಳಗೇ ಇತ್ತು. ಹಂಸ ಇಲ್ಲದ ತುದಿಯಲ್ಲಿ ಬರೀ ಸ್ಕ್ರೂ, ಮೂಟೆಯ ಮೇಲಿಂದ ನನ್ನ ಕಡೆಗೇ ಮೂತಿ ಎತ್ತಿ ನೋಡುತ್ತಿತ್ತು.

ಕೊಟ್ರೇಶಪ್ಪನವರು ಗುಂಡಿಯಿದ್ದ ಕೀಲಿ ಗೊಂಚಲು ಕೈಗೆ ತೆಗೆದುಕೊಂಡರು. ಮಹಾರುದ್ರಪ್ಪನಿಗೆ ಭಾವನನ್ನು ಛೇಡಿಸುವುದೆಂದರೆ ಮೊದಲಿಂದಲೂ ಖುಷಿ. ಬಾಗಿಲು ಹಾಕಲಿಕ್ಕೂ ಗುಂಡಿ ಬೇಕೇನು ಭಾವ, ಮೂಟೆ ಹೊತ್ತ ಕೈಗೆ ಏನಾತು ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬಕ್ಕೇಶಪ್ಪನವರ ತುಟಿಯೂ ಸ್ವಲ್ಪ ಅಲುಗಿತು. ಅಷ್ಟೇ ಸಾಕಾಯಿತು. ಕೊಟ್ರೇಶಪ್ಪನವರ ಮುಖ ಕಪ್ಪಿಟ್ಟಿತು, ಕೈ ಜೇಬಿಗೆ ಹೋಯಿತು. ತಡೀರಿ ಭಾವ, ಕಂಬ ಹೊರಳಿಸ್ತೀನಿ ಅಂತ ಮಹಾರುದ್ರಪ್ಪ ಮುಂದೆ ಬರುವಷ್ಟರಲ್ಲಿ ಜೇಬಿನೊಳಗೇ ಗುಂಡಿ ಒತ್ತಿಬಿಟ್ಟರು.

ನಾನು ಇಳಿದೆ. ಮೈಗೆ ಏನೋ ಚುಚ್ಚಿತು. ಟಕ್. ಬಾಗಿಲು ಅಲ್ಲೇ ತಡೆದು ಪೀ ಪೀ ಅಂತು. ಅಯ್ಯೋ, ಆ ಯಂತ್ರಕ್ಕಿದ್ದ ಬುದ್ಧಿ ಆ ಗಳಿಗೆಯಲ್ಲಿ ಅವರಿಗಿರಲಿಲ್ಲ. ಕಾರೂ ಸೇರಿ ತನ್ನನ್ನು ಆಡಿಕೊಳ್ಳುತ್ತಿದೆ ಅನ್ನಿಸಿತೋ ಏನೋ, ಇನ್ನೊಮ್ಮೆ ಒತ್ತಿದರು, ಬಾಗಿಲು ಬಿಗಿಯಾಗಿ ಕೂತಿತು. ಹಂಸದ ನೆನಪೂ ಇಲ್ಲದೆ ಕಾರು ಹೊರಡಿಸಿದರು. ಅಂಗಡಿ ಮೆಟ್ಟಿಲ ಮೇಲೆ ಮಹಾರುದ್ರಪ್ಪ ಸಣ್ಣದಾಗುತ್ತ ಹೋದ. ನಗೆ ಮಾತಿಗೆ ಇಷ್ಟು ಸಿಟ್ಟೇ ಅಂತ ಅವನೂ ಗೊಂದಲದಲ್ಲಿದ್ದ ಹಾಗೆ ಕಂಡಿತು.

ಹರಿಹರ ದಾಟಿದ ಮೇಲೆ ಒಂದು ಹೋಟೆಲಿನ ಮುಂದೆ, ಉರಿಬಿಸಿಲಿನಲ್ಲಿ ಕಾರು ನಿಲ್ಲಿಸಿ ಇಬ್ಬರೂ ಚಹಾಕ್ಕೆ ಇಳಿದರು. ಚುಚ್ಚಿದ ಜಾಗ ಒಂದೇ ಸಮನೆ ನವೆಯಾಗುತ್ತಿತ್ತು. ಅಷ್ಟರಲ್ಲಿ ಬೈಕಿನ ಸದ್ದು. ನೋಡಿದರೆ ಮಹಾರುದ್ರಪ್ಪ! ಮರೆತುಹೋದ ಹಂಸವನ್ನು ಕೊಡಲು ಹಿಂದೆಯೇ ಓಡಿಸಿಕೊಂಡು ಬಂದಿದ್ದ. ಬೈಕ್ ನಿಲ್ಲಿಸಿ, ಹಂಸ ಕೈಯಲ್ಲಿ ಹಿಡಿದು, ಒಳಗೆ ಕಂಬ ಹೇಗಿದೆ ಅಂತ ನನ್ನೊಳಗಿಂದ ಇಣುಕಿದ.

ಆಗಲೇ ನಾನು ಒಡೆದೆ.

ಯಾಕೆ ಆಗಲೇ ಅಂತ ನನ್ನನ್ನು ಕೇಳಬೇಡಿ. ಬಿಸಿಲಿಗೋ, ಆ ಚುಚ್ಚಿದ ಗಾಯಕ್ಕೋ, ಹುಟ್ಟಿನಿಂದ ಒಳಗಿದ್ದ ಎಳೆದಾಟಕ್ಕೋ, ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. ಪಟಾರ್ ಅಂತ ಸದ್ದಾಯಿತು, ನಾನು ಎಲ್ಲೆಲ್ಲೂ ಇದ್ದೆ. ರಸ್ತೆ ಮೇಲೆ, ಮೂಟೆ ಮೇಲೆ, ಸೀಟಿನ ಸಂದಿಯಲ್ಲಿ, ಮಹಾರುದ್ರಪ್ಪನ ಚಪ್ಪಲಿಯಲ್ಲಿ. ಸದ್ದಿಗೆ ಹೊರಗೆ ಬಂದ ಕೊಟ್ರೇಶಪ್ಪನವರಿಗೆ ಕಂಡದ್ದು ಇಷ್ಟು: ಗಾಜಿಲ್ಲದ ಕಾರು, ಅದರ ಹಿಂದೆ ಭಾಮೈದ, ಅವನ ಕೈಯಲ್ಲಿ ಗಟ್ಟಿ ಹಿತ್ತಾಳೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು. ಅವರ ಕಡೆಯಿಂದ ನೋಡುವ ಚೂರಿಗೆ ಅವರದೇ ಸರಿ ಅನ್ನಿಸಿತು.

“ನಾ ಮುಟ್ಟೇ ಇಲ್ಲ ಭಾವ, ತಾನಾಗೇ ಒಡೀತು” ಅಂದ ಮಹಾರುದ್ರಪ್ಪ.

“ತಾನಾಗೇ ಒಡಿಯಾಕೆ ಅದೇನು ಮಂಡಕ್ಕೀನಾ?” ಅಂದರು ಕೊಟ್ರೇಶಪ್ಪನವರು. ಆಮೇಲೆ ಬೀಗರ ಎದುರಿನಲ್ಲೇ, ಸಾವಕಾಶವಾಗಿ, “ಮದುವೆಗೆ ನೀನು ಬರಬ್ಯಾಡ” ಅಂದುಬಿಟ್ಟರು.

ನಾನಲ್ಲಿ ಸಾವಿರ ಬಾಯಾಗಿ ಬಿದ್ದಿದ್ದೆ, ಒಂದಕ್ಕೂ ಮಾತು ಬರಲಿಲ್ಲ. ಮಹಾರುದ್ರಪ್ಪ ಹಂಸವನ್ನು ಜೇಬಿಗೆ ಹಾಕಿಕೊಂಡು ಬೈಕ್ ತಿರುಗಿಸಿದ.

ಮನೆಗೆ ಬಂದ ಮೇಲೆ ಕಂಬವನ್ನು ನಡುಮನೆಯ ಮೂಲೆಯಲ್ಲಿ ಇಟ್ಟರು. ಸಿಂಚನಾ ಸೀಟಿನ ಮೇಲಿನ ನನ್ನ ಕೆಲವು ಹರಳುಗಳನ್ನು ಆಯ್ದು ಬಟ್ಟಲಿಗೆ ಹಾಕಿ ಕಂಬದ ಪಕ್ಕದಲ್ಲೇ ಇಟ್ಟಳು. ಹಾಗಾಗಿ ಒಂದು ನಾನು ಮನೆಯೊಳಗೆ, ಒಂದು ನಾನು ಕಾರಿನೊಳಗೆ. ಒಳಗಿನ ನಾನು ಕೇಳಿದ್ದನ್ನು ಹೇಳುತ್ತೇನೆ. ನೀಲಮ್ಮ ಅಳಲಿಲ್ಲ, ಬೈಯಲಿಲ್ಲ, ಗಂಡನಿಗೆ ಊಟ ಬಡಿಸಿ ಸುಮ್ಮನೆ ಎದ್ದು ಹೋಗುತ್ತಿದ್ದಳು. ಆ ಮೌನ ತಡೆಯಲಾರದೆ ಕೊಟ್ರೇಶಪ್ಪನವರೇ ಮಾತು ತೆಗೆಯುವರು. ಕಣ್ಣಾರೆ ಕಂಡಿದೀನಿ ಅನ್ನುವರು. ಒಡೆಯೋದನ್ನ ಕಂಡ್ರೋ, ಒಡೆದದ್ದನ್ನ ಕಂಡ್ರೋ ಅಂತ ಅವಳು ಒಮ್ಮೆ ಕೇಳಿದಾಗ ಎಲೆ ಮುಂದಿಂದ ಎದ್ದುಹೋದರು. ಸಿಂಚನಾ ಮಾತ್ರ ನೇರ ಹೇಳಿದಳು.

“ಮಾಮ ಕೈ ಹಿಡಿದು ಕರಕೊಂಡು ಹೋಗದಿದ್ರೆ ನಾನು ಮಂಟಪಕ್ಕೆ ಬರಲ್ಲಪ್ಪ.”

ಹುಡುಗಾಟದ ಮಾತಲ್ಲ ಅದು. ಅಪ್ಪನ ಹಟವೇ ಮಗಳಿಗೂ ಬಂದಿತ್ತು. ಬಕ್ಕೇಶಪ್ಪನವರ ಮನೆಯಿಂದಲೂ ಫೋನು, ಸೋದರಮಾವ ಬರುತ್ತಾರೋ ಇಲ್ಲವೋ ಅಂತ. ಕೊಟ್ರೇಶಪ್ಪನವರು ಬಿಡಿಸಿ ಹೇಳದೆ ಏನೇನೋ ಹೇಳಿ ಇಟ್ಟುಬಿಡುವರು. ಆಡಿದ ಮಾತು ವಾಪಸ್ ತಗೊಳ್ಳುವುದಕ್ಕೆ ಅವರ ಬಳಿ ಗುಂಡಿ ಇರಲಿಲ್ಲ.

ಇತ್ತ ನನ್ನ ಜಾಗಕ್ಕೆ ಹೊಸ ಗಾಜು ಬರಬೇಕಲ್ಲ, ಅದು ಬೇಗ ಸಿಗುವ ಮಾಲಲ್ಲ. ಅಲ್ಲಿಯವರೆಗೆ ಕಾರಿನ ಹಿಂದೆ ಪ್ಲಾಸ್ಟಿಕ್ ಹಾಳೆ. ಅಷ್ಟು ದೊಡ್ಡ ಕಾರು ಪಟಪಟ ಅಂತ ಸದ್ದು ಮಾಡಿಕೊಂಡು ಪೇಟೆಯಲ್ಲಿ ಹೋದರೆ ಜನ ನಿಂತು ನೋಡುವರು. ಕೊನೆಗೆ ಗಾಜು ಬಂತು. ಗಾಜು ಕೂರಿಸುವವನು ಹಳೇ ಗೋಂದನ್ನು ಹೆರೆದು, ಮಶೀನು ಹಿಡಿದು ನನ್ನನ್ನು ಹೀರಿ ತೆಗೆದ. ಎಷ್ಟು ಹೀರಿದರೂ ಬಾಗಿಲಿನ ಸಂದಿಯಲ್ಲಿ ಒಂದಿಷ್ಟು ನಾನು ಉಳಿದೆ. ಕಪ್ಪು ಗೋಂದು ಬಳಿದು ಹೊಸಬನನ್ನು ಒತ್ತಿ ಕೂರಿಸಿದರು, ಟೇಪು ಹಚ್ಚಿದರು, ಗಟ್ಟಿಯಾಗುವವರೆಗೆ ಬಾಗಿಲು ಬಡಿಯಬೇಡಿ ಅಂದರು. ನೋಡಿದೆ. ಅದೇ ಬಾಗು, ಅದೇ ಬಣ್ಣ, ಅದೇ ನೋಟ. ಕಾರಿಗೆ ಯಾವ ವ್ಯತ್ಯಾಸವೂ ತಿಳಿದಂತಿರಲಿಲ್ಲ. ಹಾಗಾದರೆ ಅವನೇ ನಾನೋ, ಸಂದಿಯಲ್ಲಿ ಬಿದ್ದ ಈ ಕಾಳು ನಾನೋ? ಹೊಟ್ಟೆಯುರಿ ಆಗಬೇಕಿತ್ತು. ಆದರೆ ಅವನ ಮೈಯೂ ಒಳಗೊಳಗೇ ಬಿಗಿದುಕೊಂಡಿದ್ದು ನೋಡಿ ಪಾಪ ಅನ್ನಿಸಿತು.

ಮದುವೆ ಹತ್ತಿರ ಬಂತು. ಕಂಬವನ್ನು ಛತ್ರಕ್ಕೆ ಸಾಗಿಸಬೇಕು. ತಲೆಯಿಲ್ಲದ ಕಂಬ ಹಚ್ಚುವುದು ಹೇಗೆ ಅಂತ ನೀಲಮ್ಮ ಕೇಳಿದ್ದಕ್ಕೆ, ಬೇರೆ ಹಂಸ ತರಿಸೋಣ ಅಂದರು ಕೊಟ್ರೇಶಪ್ಪನವರು. ಕಂಬವನ್ನು ಅದೇ ರೀತಿ ಓರೆಯಾಗಿ, ಮೂಟೆಯ ಮೇಲೆ ಮಲಗಿಸಿದರು. ನೀಲಮ್ಮ ಪಕ್ಕದಲ್ಲೇ ನಿಂತಿದ್ದಳು. ಇವರು ಮುಂದೆ ಹೋಗುತ್ತಲೇ ಗುಂಡಿ ಒತ್ತಿದರು.

ಬಾಗಿಲು ಇಳಿಯಿತು. ಸ್ಕ್ರೂ ಕಾಯುತ್ತಿತ್ತು. ಬೇಡವೋ ಬೇಡವೋ ಅಂತ ಸಂದಿಯೊಳಗೆ ನಾನು ಒದ್ದಾಡಿದೆ.

ಟಕ್.

ನೀಲಮ್ಮ ಎರಡೂ ಕೈ ಕೊಟ್ಟು ಬಾಗಿಲನ್ನು ತಡೆದಳು. ಪೀ ಪೀ. ಮುಂದಿನ ಬಾಗಿಲ ಹಿಡಿ ಹಿಡಿದಿದ್ದ ಕೊಟ್ರೇಶಪ್ಪನವರು ಹಾಗೇ ನಿಂತರು. ಆ ಸದ್ದನ್ನು ಅವರು ಒಮ್ಮೆ ಕೇಳಿದ್ದರು, ಆ ಪೀ ಪೀಯನ್ನೂ ಕೇಳಿದ್ದರು. ನಿಧಾನಕ್ಕೆ ಹಿಂದೆ ಬಂದು ಬಗ್ಗಿ ನೋಡಿದರು. ಸ್ಕ್ರೂವಿನ ತುದಿ ಹೊಸ ಗಾಜಿಗೆ ತಾಗಿಕೊಂಡಿತ್ತು. ಗಾಜಿಗೆ ಏನೂ ಆಗಿರಲಿಲ್ಲ, ಅಷ್ಟರಲ್ಲಿ ನೀಲಮ್ಮ ತಡೆದಿದ್ದಳಲ್ಲ. ಅವರು ಆ ತುದಿಯನ್ನು ಬೆರಳಿನಿಂದ ಮುಟ್ಟಿದರು, ಗಾಜನ್ನು ಮುಟ್ಟಿದರು, ಮತ್ತೆ ತುದಿಯನ್ನು ಮುಟ್ಟಿದರು. ಅವರ ಕಣ್ಣು ತುಂಬಿತು.

ಛತ್ರಕ್ಕೆ ಹೋಗಬೇಕಾದ ಕಾರು ಬಕ್ಕೇಶಪ್ಪನವರ ಮನೆಗೆ ಹೋಯಿತು. ಅವತ್ತು ಜೊತೆಗಿದ್ದಿರಿ, ಇವತ್ತೂ ಬರಬೇಕು ಅಂತ ಅವರನ್ನು ಕೂರಿಸಿಕೊಂಡು ನೇರ ರಾಣೆಬೆನ್ನೂರು. ಅದೇ ಅಂಗಡಿ, ಅದೇ ಮೆಟ್ಟಿಲು. ಮಹಾರುದ್ರಪ್ಪ ಗಿರಾಕಿಗೆ ಕೊಡ ತೋರಿಸುತ್ತಿದ್ದವನು ಮಾತು ನಿಲ್ಲಿಸಿದ. ಕೊಟ್ರೇಶಪ್ಪನವರು ಅವನನ್ನು ಕಾರಿನ ಹಿಂದಕ್ಕೆ ಕರೆದು ಬಾಗಿಲು ಎತ್ತಿ ಕಂಬದ ತುದಿ ತೋರಿಸಿದರು. ಅವತ್ತು ನಕ್ಕವರೂ ಅಲ್ಲಿದ್ದರು, ಬೀಗರೂ ಇದ್ದರು.

“ಒಡೆದದ್ದು ನಾನು ಮಹಾರುದ್ರ. ನೀನು ತಡಿ ಅಂದೆ, ನಾನು ತಡೀಲಿಲ್ಲ.”

ಅವರ ಎರಡೂ ಕೈ ಜೇಬಿನ ಹೊರಗಿದ್ದವು.

ಮಹಾರುದ್ರಪ್ಪ ಮೊದಲು ಕಾದಿದ್ದ ಗಿರಾಕಿಯ ಕೊಡದ ವ್ಯಾಪಾರ ಮುಗಿಸಿದ. ನೋವಾಗಿತ್ತು ಅವನಿಗೆ, ಅಷ್ಟು ಬೇಗ ಕರಗಲು ಅವನೇನು ಬೆಣ್ಣೆಯೇ? ಆಮೇಲೆ ಒಳಗೆ ಹೋದ. ಬಂದಾಗ ಅವನ ಕೈಯಲ್ಲಿ ಹಂಸವಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿಟ್ಟಿದ್ದ. ಬರಬೇಡ ಅನ್ನಿಸಿಕೊಂಡ ಮದುವೆಗೆ ಅದನ್ನು ತಿಕ್ಕುತ್ತ ಕೂತಿದ್ದನಲ್ಲ, ನನಗೆ ಅರ್ಥವಾಗದ ಸಂಗತಿಗಳಲ್ಲಿ ಅದೂ ಒಂದು. ಹಂಸವನ್ನು ತುದಿಗೆ ತಿರುಗಿಸಿ ಕೂರಿಸಿ, ಕಂಬವನ್ನು ಹೊರಳಿಸಿಟ್ಟು, ಈಗ ಗುಂಡಿ ಒತ್ತಿರಿ ಭಾವ ಅಂದ. ಕೊಟ್ರೇಶಪ್ಪನವರು ಒತ್ತಲಿಲ್ಲ. ಕೈ ಎತ್ತಿ ಬಾಗಿಲು ಹಿಡಿದು, ಎಲ್ಲಾದರೂ ತಾಗುತ್ತದೆಯೇ ಅಂತ ನೋಡಿಕೊಳ್ಳುತ್ತ ನಿಧಾನಕ್ಕೆ ಇಳಿಸಿದರು.

ಬಟ್ಟಲಿನಲ್ಲಿದ್ದ ನಾನು ಸಿಂಚನಾಳ ಪೆಟ್ಟಿಗೆ ಸೇರಿ ಗಂಡನ ಮನೆಗೆ ಹೋದೆನಂತೆ. ಅಲ್ಲಿ ಹೇಗಿದ್ದೇನೋ ಗೊತ್ತಿಲ್ಲ. ಸಂದಿಯಲ್ಲಿರುವ ನಾನು ಮಾತ್ರ ಇಲ್ಲೇ ಇದ್ದೇನೆ, ಬಾಗಿಲು ಹಾಕಿದಾಗ ಕಿಣಿ ಅನ್ನುತ್ತೇನೆ. ಕಾರು ತೊಳೆಯುವವರು ತೆಗೆಯಲು ಹೋದರೆ, ಇರಲಿ ಬಿಡ್ರೋ ಅನ್ನುತ್ತಾರೆ ಕೊಟ್ರೇಶಪ್ಪನವರು. ನನ್ನನ್ನು ಒಡೆದದ್ದು ಸ್ಕ್ರೂವೋ, ಸಿಟ್ಟೋ, ಬಿಸಿಲೋ, ಇಂದಿಗೂ ನನಗೆ ನಿಶ್ಚಯವಿಲ್ಲ. ಒಡೆದದ್ದು ತಾವೇ ಅಂತ ಅವರು ಒಪ್ಪಿಕೊಂಡಿದ್ದಾರೆ, ನಾನು ಎದುರು ಮಾತಾಡುವುದಿಲ್ಲ.

ಮದುವೆಯ ದಿನದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಕಂಬ ಇಳಿಸಲು ಕಾರನ್ನು ಛತ್ರದ ಬಾಗಿಲಿಗೆ ಹಿಮ್ಮುಖವಾಗಿ ತರಬೇಕಿತ್ತು. ಹಿಂದಿನದನ್ನು ತೋರಿಸುವ ಪರದೆ ಕೊಟ್ರೇಶಪ್ಪನವರ ಎದುರಿಗೇ ಇತ್ತು. ಅವರು ಅದನ್ನು ನೋಡದೆ ಕತ್ತು ಹೊರಳಿಸಿ ಹೊಸ ಗಾಜಿನೊಳಗಿಂದ ನೋಡಿದರು. ಛತ್ರದ ಮೆಟ್ಟಿಲ ಮೇಲೆ ಪೇಟ ಸುತ್ತಿದ ಮಹಾರುದ್ರಪ್ಪ ನಿಂತು ಕೈ ಆಡಿಸುತ್ತಿದ್ದ, ಬರ್ಲಿ, ಬರ್ಲಿ ಅಂತ. ಅವನ ಹಿಂದೆ ಸೀರೆಯುಟ್ಟ ಸಿಂಚನಾ. ಬಾಳಿಡೀ ದೂರ ಹೋಗುವುದನ್ನೇ ಕಂಡ ನನಗೆ ಮೊದಲು ಏನಾಗುತ್ತಿದೆ ಅಂತಲೇ ತಿಳಿಯಲಿಲ್ಲ. ಅವರಿಬ್ಬರೂ ದೊಡ್ಡದಾಗುತ್ತಿದ್ದರು. ಹತ್ತಿರ, ಇನ್ನೂ ಹತ್ತಿರ. ಮಹಾರುದ್ರಪ್ಪ ಅಂಗೈಯಿಂದ ಬಾಗಿಲನ್ನು ಮೆಲ್ಲಗೆ ತಟ್ಟಿ ಹೇಳಿದ:

“ಸಾಕು ಭಾವ, ಬಂದ್ರಿ.”