ನನ್ನ ಜಾಡು ಬಿಡಬೇಡಿ

ಇದನ್ನು ಹೇಳಲು ನಾನು ತಕ್ಕವಳೋ ಅಲ್ಲವೋ ಎಂಬ ಅನುಮಾನ ಈಗಲೂ ಇದೆ. ನಾನು ಓದಿದ್ದೆಲ್ಲ ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ ಹೋಗುತ್ತಿದ್ದ ಸಂಜೆ ಶಾಲೆಯಲ್ಲಿ. ಸಾಲದ್ದಕ್ಕೆ ಮರ್ಯಾದಸ್ಥರು ಬಾಯಿಬಿಟ್ಟು ಹೇಳದ ಒಂದು ಸಂಗತಿಯೂ ನಡುವೆ ಬರುತ್ತದೆ. ಅದನ್ನು ಬಿಟ್ಟು ಹೇಳಲು ನೋಡಿದೆ, ಕಥೆಯೇ ಉಳಿಯಲಿಲ್ಲ. ಕ್ಷಮೆಯಿರಲಿ.

ವಾಲ್ವಿಸ್ ಬೇ ಊರಿನಿಂದ ಕಡಲ ಪಕ್ಕದ ಮರಳುದಿಬ್ಬಗಳಿಗೆ ಹೊರಟ ಪ್ರವಾಸಿ ಗಾಡಿಗಳ ಸಾಲನ್ನು ಮುನ್ನಡೆಸುವ ಕೆಲಸ ಅಂದು ಮೊದಲ ಸಲ ನನಗೆ ಬಂದಿತ್ತು. ಗಿರಾಕಿಗಳು ತಮ್ಮ ಗಾಡಿಗಳನ್ನು ತಾವೇ ಓಡಿಸುತ್ತಾರೆ. ಮುಂದಿನ ಗಾಡಿಯವರು ದಾರಿ ಹಿಡಿಯಬೇಕು, ರೇಡಿಯೋದಲ್ಲಿ ಹೇಳಿಕೊಡಬೇಕು. ಇಷ್ಟು ವರ್ಷ ಅದು ಡಾವಿಡ್ ಮಾಮನ ಕೆಲಸ. ನಾನು ಊಟದ ಗಾಡಿಯಲ್ಲಿ ವೆಟ್‌ಕುಕ್ ಎಂಬ ಹಿಟ್ಟಿನ ಉಂಡೆ ಕರಿಯುತ್ತಿದ್ದವಳು.

"ಇವತ್ತು ನಾನು ಬಾಲದ ಗಾಡೀಲಿ ಬರ್ತೀನಿ ಫಿಯಾ," ಎಂದ ಮಾಮ, ಟೋಪಿ ಹಿಂದಕ್ಕೆ ತಳ್ಳಿ. "ರೇಡಿಯೋದಲ್ಲಿ ತುಟಿ ಬಿಚ್ಚಲ್ಲ. ಬಿಚ್ಚೋ ಹಾಗೆ ಮಾಡಿದ್ಯೋ, ಇನ್ನೊಂದು ವರ್ಷ ಎಣ್ಣೆ ಮುಂದೆ ಕೂರ್ತೀಯ."

"ಬಿಚ್ಚದೇ ಇದ್ರೆ?"

"ಮುಂದಿನ ಗಾಡಿ ನಿಂದು. ಆಮೇಲೆ ಕರಿಯೋನು ನಾನು."

"ನೀನು ಕರಿದಿದ್ದನ್ನ ಯಾರು ತಿಂತಾರೆ ಮಾಮ?"

"ಯಾರೂ ತಿನ್ನಲ್ಲ. ಗೆದ್ರೆ ನಿನಗೇ ಉಪವಾಸ, ಯೋಚನೆ ಮಾಡು."

ಮಂಜು ಇನ್ನೂ ಕರಗಿರಲಿಲ್ಲ. ಭಯಕ್ಕೆ ಬಾಯಿ ಒಣಗಿ ಫ್ಲಾಸ್ಕಿನ ರೂಯ್‌ಬೋಸ್ ಚಹಾವನ್ನೆಲ್ಲ ನಾನೊಬ್ಬಳೇ ಕುಡಿದಿದ್ದೆ. ಗಿರಾಕಿಗಳನ್ನು ನಿಲ್ಲಿಸಿಕೊಂಡು ಬೆಳಗಿನ ಪಾಠ ಒಪ್ಪಿಸಿದೆ. "ನನ್ನ ಜಾಡು ಬಿಡಬೇಡಿ. ಮೆತ್ತಗಿನ ಮರಳಲ್ಲಿ ಏನೇ ಆದ್ರೂ ನಿಲ್ಲಬೇಡಿ. ನಿಂತ್ರೆ ಹೂತ್ಕೊಳ್ತೀರಿ." ಒಪ್ಪಿಸಿದ್ದು ಸಾಲದೆನಿಸಿ ಪ್ರತಿಯೊಂದು ಕಿಟಕಿಗೂ ಹೋಗಿ ಮತ್ತೆ ಹೇಳಿದೆ.

"ಅರ್ಥ ಆಯ್ತಮ್ಮ," ಎಂದರು ನನ್ನ ಹಿಂದಿನ ಗಾಡಿಯ ಓಟಿಲಿ ಮೇಡಂ. ವಿಂಡ್‌ಹೂಕ್‌ನಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. "ನಾನು ನಿಯಮ ಮುರಿಯೋಳಲ್ಲ."

ಮರಳಲ್ಲಿ ಹೂಳದಂತೆ ಟಯರಿನ ಗಾಳಿ ಇಳಿಸಲು ಒಮ್ಮೆ ನಿಂತಾಗ ಎಲ್ಲರೂ ದೇಹಬಾಧೆ ತೀರಿಸಿಕೊಂಡು ಬಂದರು. ನಾನು ಮಾತ್ರ ಪ್ರತಿ ಟಯರನ್ನೂ ಎರಡೆರಡು ಸಲ ಅಳೆಯುತ್ತ ಉಳಿದೆ. ಇನ್ನು ನಿಲ್ಲುವಂತಿರಲಿಲ್ಲ. ಮುಂದಿನ ದಾರಿ ದಂಡೆಯ ಮೇಲೆ. ಕಡಲಿನ ಇಳಿತ ಮುಗಿದರೆ ಅಲೆ ಬಂದು ದಿಬ್ಬದ ಬುಡಕ್ಕೇ ಬಡಿಯುತ್ತದೆ. ಆದರೆ ಚಹಾಕ್ಕೆ ಉಬ್ಬರ ಇಳಿತದ ಲೆಕ್ಕ ಗೊತ್ತಿಲ್ಲವಲ್ಲ. ಒಂದೊಂದು ಕುಲುಕಾಟಕ್ಕೂ ಕಣ್ಣಲ್ಲಿ ನೀರು ಬಂತು.

ಇಳಿದು ಮರೆಗೆ ಹೋಗೋಣವೆಂದರೆ ಸುತ್ತ ಇದ್ದದ್ದು ನಾರಾ ಪೊದೆಗಳು ಮಾತ್ರ. ಅವಕ್ಕೆ ಎಲೆಯೇ ಇಲ್ಲ, ಬರೀ ಮುಳ್ಳು. ಹಿಂದೆ ಒಂದು ಸಾಲು ಗಾಡಿ, ಪ್ರತಿ ಗಾಡಿಯಲ್ಲೂ ದುರ್ಬೀನು. ಕೊನೆಗೆ ರೇಡಿಯೋ ಗುಂಡಿ ಒತ್ತಿದೆ. "ಎಲ್ಲರೂ ಇಲ್ಲೇ ನಿಂತಿರಿ. ಮುಂದಿನ ದಾರಿ ನೋಡ್ಕೊಂಡು ಬರ್ತೀನಿ." ಗಾಡಿ ತಿರುಗಿಸಿ ದಿಬ್ಬ ಹತ್ತಿ ಆಚೆ ಬದಿಗೆ ಜಾರಿಸಿಕೊಂಡು ಇಳಿದೆ. ಬಟ್ಟಲಿನಂಥ ಹಳ್ಳ, ನರಪಿಳ್ಳೆಯಿಲ್ಲ. ಗಾಡಿಯಿಂದ ಹಾರಿ ಬೆಲ್ಟಿಗೆ ಕೈ ಹಾಕಿದೆ.

ಇಂಜಿನ್ ಸದ್ದು ಕೇಳಿತು. ತಲೆ ಎತ್ತಿದರೆ ದಿಬ್ಬದ ನೆತ್ತಿಯಲ್ಲಿ ಓಟಿಲಿ ಮೇಡಂ ಅವರ ಗಾಡಿಯ ಮೂತಿ. ಅದು ನಾನು ಕಲಿಸಿದ ಹಾಗೆಯೇ ನನ್ನ ಜಾಡು ಬಿಡದೆ, ನಿಧಾನವಾಗಿ ನನ್ನತ್ತ ಜಾರಿತು. ಹಿಂದೆ ಇನ್ನೊಂದು, ಮತ್ತೊಂದು. ಕೊನೆಗೆ ಡಾವಿಡ್ ಮಾಮ, ಟೋಪಿ ಸಮೇತ.

"ನಿಲ್ಲಿ ಅಂದಿದ್ನಲ್ಲ ಮೇಡಂ!"

"ಅಂದೆ. ಆದ್ರೆ ಅಲ್ಲಿ ಮರಳು ಮೆತ್ತಗಿತ್ತು. ಮೆತ್ತಗಿನ ಮರಳಲ್ಲಿ ಏನೇ ಆದ್ರೂ ನಿಲ್ಲಬೇಡಿ ಅಂತ ನೀನೇ ಹೇಳಿದ್ದು. ಎರಡು ಸಲ."

ಗೊಬಾಬಿಸ್‌ನ ದನ ಸಾಕುವ ರೈತ ಟೊಕ್ಕಿ ಕಿಟಕಿಯಿಂದ ತಲೆ ಹೊರಹಾಕಿದ. "ಏನಕ್ಕಾ, ಇಲ್ಲೇನು ವಿಶೇಷ? ಬೆಲ್ಟ್ ಯಾಕೆ ಬಿಚ್ಚಿದ್ದೀಯ?"

"ಸಡಿಲ ಮಾಡ್ಕೊಂಡೆ. ಹತ್ತೋ ದಿಬ್ಬ ದೊಡ್ಡದು," ಎಂದೆ. ಬಾಯಿಗೆ ಬಂದದ್ದು ಅಷ್ಟೇ.

ಹೇಳಿದ ಮೇಲೆ ನೋಡಿದರೆ ಅದು ನಿಜವೇ ಆಗಿತ್ತು. ಇಳಿದ ಇಳಿಜಾರನ್ನು ಯಾವ ಗಾಡಿಯೂ ವಾಪಸ್ಸು ಹತ್ತಲಾರದು. ಹೊರಬೀಳುವ ದಾರಿ ಒಂದೇ, ಎದುರಿನ ಎತ್ತರದ ದಿಬ್ಬ. ನಾನು ಅದನ್ನು ಎಂದೂ ಹತ್ತಿರಲಿಲ್ಲ. ಮಾಮ ಹತ್ತಿದ್ದನ್ನೂ ಕಂಡಿರಲಿಲ್ಲ. ಅವನ ಕಡೆ ನೋಡಿದೆ. ಅವನು ಗಾಡಿಯೊಳಗೆ ಕುಳಿತು ಒಣಮಾಂಸ ಜಗಿಯುತ್ತಿದ್ದ. ಒಂದು ಮಾತು ಕೇಳಿದರೆ ಹೇಳುತ್ತಿದ್ದನೇನೋ. ಹೇಳಿದರೆ ನಾನು ಎಣ್ಣೆಯ ಮುಂದೆ.

ಮೊದಲ ಸಲ ಅರ್ಧಕ್ಕೇ ಗಾಡಿಗೆ ಉಸಿರು ಕಟ್ಟಿತು. ಅಡ್ಡ ತಿರುಗಿಸಿದರೆ ಉರುಳುತ್ತದೆ. ಬಂದ ಜಾಡಿನಲ್ಲೇ ನೇರ ಹಿಂದಕ್ಕೆ ಇಳಿದೆ.

"ಏನಾದ್ರೂ ಮರೆತು ಬಂದ್ಯಾ ಅಕ್ಕಾ?" ಎಂದ ಟೊಕ್ಕಿ ರೇಡಿಯೋದಲ್ಲಿ.

"ಹೂಂ, ನಿನಗೆ ಬಾಯಿ ಮುಚ್ಕೋ ಅನ್ನೋದನ್ನ ಮರೆತಿದ್ದೆ."

ಎರಡನೇ ಸಲ ದೂರದಿಂದ ಓಡಿಸಿಕೊಂಡು ಬಂದೆ. ನೆತ್ತಿ ಇನ್ನೇನು ಸಿಕ್ಕಬೇಕು, ಚಕ್ರ ತಿರುಗುತ್ತಿದ್ದರೂ ಗಾಡಿ ತಡವರಿಸಿತು. ಆಗ ರೇಡಿಯೋ ಕರಕರ ಎಂದಿತು. ಯಾರೋ ಗುಂಡಿ ಒತ್ತಿದ್ದರು. ಮಾತಿಗೆ ಮುಂಚೆ ಎಳೆದುಕೊಳ್ಳುವ ಉಸಿರು ಸ್ಪಷ್ಟವಾಗಿ ಕೇಳಿಸಿತು. ಮುಗಿಯಿತು, ಸೋತೆ ಎಂದುಕೊಂಡೆ. ಕಾಲು ತೆಗೆಯಲಿಲ್ಲ, ಜೋರಾಗಿ ಒತ್ತಲೂ ಇಲ್ಲ, ಹಾಗೇ ಹಿಡಿದಿದ್ದೆ. ಗಾಡಿ ಹಸುವಿನಂತೆ ಮೈ ಕೊಡವಿ ನೆತ್ತಿ ದಾಟಿತು. ರೇಡಿಯೋ ಮಾತಿಲ್ಲದೆ ಕಡಿದುಹೋಯಿತು.

ಎದುರಿಗೆ ಇಡೀ ಕಡಲು.

"ಮುಂದಿನ ದಾರಿ ನೋಡ್ತಿದ್ದೀನಿ," ಎಂದೆ. "ನೀವು ನಿಂತಲ್ಲಿ ಮರಳು ಗಟ್ಟಿ ಇದೆ. ನಾನು ಕರೆಯೋ ತನಕ ಯಾರೂ ಕದಲಬೇಡಿ. ಓಟಿಲಿ ಮೇಡಂ, ವಿಶೇಷವಾಗಿ ನೀವು." ದಾರಿಯನ್ನು ನೋಡಿದ್ದೂ ನಿಜವೇ, ಕುಳಿತುಕೊಂಡು, ಸಾವಕಾಶವಾಗಿ, ಅಲೆಗಳ ಎದುರು. ಅಷ್ಟು ನೆಮ್ಮದಿ ಯಾವ ಪರೀಕ್ಷೆ ಪಾಸಾದಾಗಲೂ ಸಿಕ್ಕಿರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಹತ್ತಿಸಿದೆ. ಕಡಲಿನ ಕಡೆಗೆ ಜಾರುವಾಗ ಮರಳು ಗಾಡಿಗಳ ಕೆಳಗೆ ವಿಮಾನದಂತೆ ಗುಡುಗಿತು. ಇಳಿತ ಮುಗಿಯುವ ಮುನ್ನ ಎಲ್ಲರೂ ದಂಡೆ ದಾಟಿದೆವು. ಟೊಕ್ಕಿ ಇನ್ನೊಂದು ಸಲ ಹೋಗೋಣವೆಂದು ಗೋಗರೆದ.

ಊಟದ ಹೊತ್ತಿಗೆ ಮಾಮ ಪಕ್ಕದಲ್ಲಿ ಬಂದು ಕುಳಿತ. "ಆ ದಾರಿ ಯಾಕೆ ಹಿಡಿದೆ ಮಗಳೇ?"

"ಉಚ್ಚೆ ಬಂದಿತ್ತು ಮಾಮ."

ಅವನು ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅಲುಗಾಡಿದ. ಕಣ್ಣೊರೆಸಿಕೊಂಡು ಊಟದ ಗಾಡಿಗೆ ಹೋದ, ಬಾಣಲೆ ಇಟ್ಟ. ಅವನ ವೆಟ್‌ಕುಕ್ ಹೊರಗೆ ಕಪ್ಪು, ಒಳಗೆ ಹಸಿ. ನಾವೆಲ್ಲ ತಿಂದೆವು.

ಆ ಉಸಿರಿನ ಬಗ್ಗೆ ಕೇಳಿದೆ. "ಟೊಕ್ಕಿಯದಿರಬೇಕು," ಎಂದ ಮಾಮ. "ನಂದಲ್ಲ, ನಾನು ಬಾಯಿ ಮುಚ್ಕೊಂಡಿದ್ದೆ," ಎಂದ ಟೊಕ್ಕಿ. ಓಟಿಲಿ ಮೇಡಂ ತಾವು ಅನುಮತಿಯಿಲ್ಲದೆ ಗುಂಡಿ ಮುಟ್ಟುವವರಲ್ಲ ಎಂದರು. ಮುಂದಿನ ಗಾಡಿ ಈಗ ನನ್ನದು. ಆದರೂ ಅಂದು ಉಸಿರೆಳೆದವರು ಯಾರು, ನಿಲ್ಲು ಎನ್ನಲಿದ್ದರೋ ನಡೆ ಎನ್ನಲಿದ್ದರೋ, ನನಗೆ ಗೊತ್ತಿಲ್ಲ.