ಮೇಣದ ಮಂಡಿ

ಅಣ್ಣನ ಕೃತಕ ಕಾಲಿನ ಮಂಡಿಕೀಲು ಮುರಿಯಿತು. ಆ ಬಗೆಯದು ಈಗ ಎಲ್ಲೂ ಸಿಗುವುದಿಲ್ಲ. ಅವನು ಪದ್ಯ ಕಲಿಸುವ ಮೇಷ್ಟ್ರು. ಶಾಲೆ ತೆರೆಯಲು ಹನ್ನೆರಡೇ ದಿನ.

"ಕೂತ್ಕೊಂಡು ಪದ್ಯ ಹೇಳೋಕೆ ನಂಗೆ ಉಸಿರೇ ಬರಲ್ಲ ಕಣೋ," ಎಂದು ಮುಖ ತಿರುಗಿಸಿದ.

ನಾನು ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಚಿಪ್ಪಿನ ಅಚ್ಚು ತೆಗೆಯುವವನು. ಲೋಹದ ಮಾದರಿಯನ್ನು ಕಾಯಿಸಿ, ಅಂಟು ಬೆರೆತ ಮರಳು ಸುರಿದರೆ ಅದರ ಮೈಮೇಲೆ ಚಿಪ್ಪು ಕಟ್ಟುತ್ತದೆ. ಅಂಥ ಎರಡು ಅರ್ಧಗಳನ್ನು ಜೋಡಿಸಿ ಲೋಹ ಹೊಯ್ಯುತ್ತೇವೆ. ಮಾದರಿ ಮಾತ್ರ ಹಾಗೇ ಉಳಿದು, ಇನ್ನೂರನೆಯ ಚಿಪ್ಪಿಗೂ ಸಿದ್ಧ. ಆದರೆ ಒಂದೇ ಒಂದು ಕೀಲಿಗಾಗಿ ಅಂಥ ಮಾದರಿ ಕೊರೆಯಲು ತಿಂಗಳು ಬೇಕು.

ಅತ್ತಿಗೆಯದು ಮೇಣದ ಎರಕ, ಮನೆಯ ಹಿಂದಿನ ಕೋಣೆಯಲ್ಲಿ. ಮುರಿದ ತುಂಡುಗಳನ್ನು ಎದುರಿಗಿಟ್ಟುಕೊಂಡು ಮೂರು ದಿನ ಕೂತು ಮೇಣದಲ್ಲಿ ಕೀಲು ತಿದ್ದಿದರು. ನೋಡಿ ಕೈಮುಗಿಯುವಂತಿತ್ತು.

ಅವರು ಕೈ ತೊಳೆಯಲು ಹೋದರು. ನೆರವಾಗೋಣವೆಂದು ನಾನು ಅದನ್ನೆತ್ತಿ ಒಲೆಯ ಬಿಸಿ ತಟ್ಟೆಯ ಮೇಲಿಟ್ಟೆ. ಮಾದರಿ ತಣ್ಣಗಿರಬಾರದು ಎಂಬುದು ನನ್ನ ಕೈಗೆ ಅಂಟಿದ ಅಭ್ಯಾಸ.

ಅತ್ತಿಗೆ ಬಂದಾಗ ತಟ್ಟೆಯಲ್ಲಿ ಬರೀ ಮೇಣದ ಮಡು.

"ಕರಗಬೇಕಾದದ್ದೇ ಮಾರಾಯ," ಎಂದು ಅವರು ನಕ್ಕೇಬಿಟ್ಟರು. "ಆದ್ರೆ ಮಣ್ಣಿನ ಅಂಗಿ ತೊಡಿಸಿದ ಮೇಲೆ!"

"ನನ್ನ ಕೈ ಕಡಿದುಹಾಕಿ ಅತ್ತಿಗೆ."

"ಆಮೇಲೆ ಅದನ್ನೂ ನಾನೇ ಎರಕ ಹೊಯ್ಯಬೇಕಾ? ಸುಮ್ನೆ ಕೂತ್ಕೋ. ನಿನ್ನ ಹಾಗೆ ಒಂದೇ ಥರ ಇನ್ನೂರು ತೆಗೀ ಅಂದ್ರೆ ನನ್ನ ಕೈಲಾಗತ್ತಾ?"

ಅದೇ ಮೇಣವನ್ನು ಬಳಿದು ತೆಗೆದು, ಮತ್ತೆ ತಿದ್ದಿದರು. ಈ ಸಲ ಎರಡೇ ದಿನ. ಬೆರಳುಗಳಿಗೆ ಎಲ್ಲವೂ ಬಾಯಿಪಾಠವಾಗಿತ್ತು. ತೆಳುವಾದ ಮಣ್ಣಿನ ರಾಡಿಯಲ್ಲಿ ಅದ್ದಿ, ನುಣ್ಣನೆಯ ಮರಳು ಉದುರಿಸಿ, ನೆರಳಲ್ಲಿ ಒಣಗಿಸಿದರು. ಹೀಗೆ ಏಳು ಅಂಗಿ, ಐದು ದಿನ. ಬಳಿಕ ಸುಡುಗೂಡಿನ ಬಿಸಿಗೆ ಮೇಣ ಹರಿದುಹೋಗಿ ಒಳಗೆ ಕೀಲಿನದೇ ಆಕಾರದ ಬಯಲು ಉಳಿಯಿತು. ಆ ಬಯಲಿಗೆ ಕಂಚು ಹೊಯ್ದರು.

ಹನ್ನೆರಡನೆಯ ದಿನ ಚಿಪ್ಪು ಒಡೆದು, ಕಂಚು ಹೊಯ್ದ ಬಾಯಲ್ಲಿ ಉಳಿದಿದ್ದ ತುಂಡನ್ನು ಕತ್ತರಿಸಿ, ಉಜ್ಜಿ ನನ್ನ ಅಂಗೈಗಿಟ್ಟರು. ನಾನು ಉಗುರಿನಿಂದ ಸುತ್ತಲೂ ಸವರಿದೆ. ನನ್ನ ಎರಕಗಳಲ್ಲಿ ಎರಡು ಅರ್ಧ ಕೂಡಿದ ಕಡೆ ಒಂದು ಗೆರೆ ಇದ್ದೇ ಇರುತ್ತದೆ. ಅದನ್ನು ಅರದಿಂದ ತೀಡುವುದರಲ್ಲೇ ನನ್ನ ಆಯುಷ್ಯ ಸವೆದಿದೆ. ಇಲ್ಲಿ ಉಗುರು ಎಲ್ಲೂ ತಡೆಯಲಿಲ್ಲ.

"ಏನ್ ಹುಡುಕ್ತಿದ್ದೀಯೋ?" ಎಂದ ಅಣ್ಣ.

"ಗೆರೆ."

"ಸಿಕ್ತಾ?"

"ಇಲ್ಲ ಅಣ್ಣ."

ಅವನು ಹೊಸ ಕೀಲು ಕೂಡಿಸಿದ ಕಾಲು ತೊಟ್ಟು, ಗೋಡೆ ಹಿಡಿದು ಎದ್ದ. ಆಮೇಲೆ ಗೋಡೆಯನ್ನು ಬಿಟ್ಟ. ಅತ್ತಿಗೆಯ ಕಡೆ ನೋಡಿ, ಉಸಿರು ತುಂಬಿಕೊಂಡು ಪದ್ಯ ಎತ್ತಿದ. ಎರಡನೆಯ ಸಾಲಿಗೆ ಒಂದು ಹೆಜ್ಜೆ ಮುಂದಿಟ್ಟ.

ಮಂಡಿ ಮಡಿಚಿ ನೆಟ್ಟಗಾಯಿತು. ಸದ್ದೇ ಕೇಳಲಿಲ್ಲ.